ಬ್ರಿಟನ್ನಿನಲ್ಲಿ ಖಾಸಗಿ ಪಾರ್ಕಿಂಗ್ ನೋಟಿಸ್ ಬಂದರೆ ಏನು ಮಾಡಬೇಕು?

ಹಾಸನದಿಂದ ಅಪ್ಪ ಅಮ್ಮ ನಮ್ಮ ರೆಡಿಂಗ್ ಮನೆಗೆ ಬಂದಿದ್ದಾಗ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ನಮ್ಮ ಕಾರಿನ ಎರಡು ಫೋಟೊ. ಒಂದರಲ್ಲಿ ಸೂಪರ್‌ಮಾರ್ಕೆಟ್ ಒಳಗೆ ಹೋಗುವ ನಂಬರ್ ಪ್ಲೇಟ್, ಬೆಳಿಗ್ಗೆ 9.12. ಇನ್ನೊಂದರಲ್ಲಿ ಹೊರಗೆ ಬರುವ ನಂಬರ್ ಪ್ಲೇಟ್, ಸಂಜೆ 6.47. ನಿಲ್ಲಿಸಲು ಅವಕಾಶ ಇರುವುದು 3 ಗಂಟೆ, ನೀವು ನಿಲ್ಲಿಸಿದ್ದು 9 ಗಂಟೆ 35 ನಿಮಿಷ, ಆದ್ದರಿಂದ 100 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 60 ಸಾಕು ಅಂತ ಬರೆದಿತ್ತು.

ಅಪ್ಪ ಗಾಬರಿಯಾದರು. "ಕಟ್ಟಿಬಿಡು ಮಗ, ಪರದೇಶದಲ್ಲಿ ಕೋರ್ಟು ಕಚೇರಿ ಯಾಕೆ?" ಇಲ್ಲಿ ಇಪ್ಪತ್ತು ವರ್ಷದಿಂದ ಇರುವ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದರೆ, "ಹರಿದು ಬಿಸಾಕಿ, ಏನೂ ಆಗಲ್ಲ" ಅಂದರು. ಎರಡೂ ಸಲಹೆ ತಪ್ಪು. ಹೆದರಿ ಕಟ್ಟಿದರೆ ದುಡ್ಡು ಹೋಗುತ್ತದೆ. ಹರಿದು ಹಾಕಿದರೆ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಈ ಕಾಗದಕ್ಕೆ ದಿನಾಂಕ ನೋಡಿಕೊಂಡು ಉತ್ತರ ಬರೆಯಬೇಕು, ಅಷ್ಟೇ.

ಮೊದಲು, ಕಳಿಸಿದ್ದು ಯಾರು?

ಕಾಗದದ ತಲೆಬರಹ ನಿಧಾನವಾಗಿ ಓದಿ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕಳಿಸುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಖಾಸಗಿ ಕಂಪನಿ ಕಳಿಸುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡಕ್ಕೂ 'ಪಿಸಿಎನ್' ಅಂತಲೇ ಹೇಳುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಕೌನ್ಸಿಲಿನದು ಕಾನೂನಿನ ದಂಡ, ಅದರ ದಾರಿಯೇ ಬೇರೆ. ಖಾಸಗಿಯದು ದಂಡ ಅಲ್ಲ, ಬಿಲ್ಲು. ಜಾಗದಲ್ಲಿ ಹಾಕಿರುವ ಬೋರ್ಡೇ ಕರಾರು, ಅದನ್ನು ನೀವು ಮುರಿದಿದ್ದೀರಿ, ಹಣ ಕೊಡಿ ಅಂತ ಕಂಪನಿ ಕೇಳುತ್ತಿದೆ. ಇದಕ್ಕೂ ಪೊಲೀಸರಿಗೂ ಸಂಬಂಧ ಇಲ್ಲ. ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ.

ಹಾಗಾದರೆ ಸುಮ್ನೆ ಬಿಟ್ಟುಬಿಡಬಹುದಲ್ವಾ? ನನ್ನ ಸ್ನೇಹಿತರ ಸಲಹೆ ಹಳೇ ಕಾಲದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರ್ 1ರಿಂದ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದು ನಿಂತಿತು. ಬದಲಿಗೆ ಅದೇ ಕಾನೂನು ಕಂಪನಿಗಳಿಗೆ ಒಂದು ಅನುಕೂಲ ಮಾಡಿಕೊಟ್ಟಿತು: ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ, ಕಾರು ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಆ 'ಕೀಪರ್' ಬಳಿ ಹಣ ಕೇಳಬಹುದು. ಆಮೇಲೆ 2015ರಲ್ಲಿ ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿ ಮತ್ತು ಬೀವಿಸ್ ಎಂಬ ಕಾರಿನವರ ನಡುವಿನ ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಚೆಲ್ಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣದಲ್ಲಿ 2 ಗಂಟೆ ಉಚಿತ, ಬೀವಿಸ್ ಅವರ ಕಾರು 56 ನಿಮಿಷ ಜಾಸ್ತಿ ನಿಂತಿತ್ತು. ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿದ್ದ 85 ಪೌಂಡ್ ಕೊಡಬೇಕು ಅಂತ ತೀರ್ಪು ಬಂತು. ಅಲ್ಲಿಗೆ 'ಹರಿದು ಬಿಸಾಕಿ' ಅನ್ನುವುದರ ಕಾಲ ಮುಗಿಯಿತು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಿಗೆ ಈ 2012ರ ಕೀಪರ್ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಇರುವವರು ಇದನ್ನು ನೆನಪಿಡಿ.

ಇನ್ನೊಂದು ಮಾತು. 'ಪಾರ್ಕಿಂಗ್ ಹಣ ಬಾಕಿ ಇದೆ, ಈ ಲಿಂಕ್ ಒತ್ತಿ' ಅಂತ ಮೊಬೈಲಿಗೆ ಸಂದೇಶ ಬಂದರೆ ಅಳಿಸಿಹಾಕಿ. ಕಂಪನಿಗಳು ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ 2.50 ಪೌಂಡ್ ಕಟ್ಟಿ ನಿಮ್ಮ ಹೆಸರು, ವಿಳಾಸ ಪಡೆಯುತ್ತವೆ. ಅಲ್ಲಿಂದ ಸಿಗುವುದು ಮನೆ ವಿಳಾಸ, ಮೊಬೈಲ್ ನಂಬರ್ ಅಲ್ಲ.

ದಿನಾಂಕ ಎಣಿಸಿ

ಕ್ಯಾಮೆರಾ ಹಿಡಿದ ಪ್ರಕರಣವಾದರೆ, ಕಾರು ನಿಲ್ಲಿಸಿದ ಮರುದಿನದಿಂದ ಲೆಕ್ಕ ಹಾಕಿ 14 ದಿನದೊಳಗೆ ನೋಟಿಸ್ ನಿಮ್ಮ ಮನೆ ತಲುಪಿರಬೇಕು. ಅಂಚೆಗೆ ಹಾಕಿದ್ದರೆ ಸಾಲದು, ತಲುಪಬೇಕು. ತಡವಾಗಿದ್ದರೆ ಕೀಪರ್ ಬಳಿ ಹಣ ಕೇಳುವ ಹಕ್ಕು ಆ ಕಾನೂನಿನಡಿ ಕಂಪನಿಗೆ ಇರುವುದಿಲ್ಲ, ಓಡಿಸಿದವರ ಬಳಿ ಮಾತ್ರ ಕೇಳಬಹುದು. ಕಾರಿನ ಗಾಜಿಗೇ ಚೀಟಿ ಅಂಟಿಸಿದ್ದರೆ ಲೆಕ್ಕ ಬೇರೆ: ಆಗ ಕೀಪರ್‌ಗೆ ಕಾಗದ ಬರಬೇಕಾದ್ದು 28 ದಿನ ಕಳೆದ ಮೇಲೆ, 56 ದಿನದೊಳಗೆ.

ಆದ್ದರಿಂದಲೇ ಉತ್ತರ ಬರೆಯುವಾಗ ಒಂದು ಪದದ ಬಗ್ಗೆ ಎಚ್ಚರ ಬೇಕು. 'ನಾನು ಅಲ್ಲಿ ಕಾರು ನಿಲ್ಲಿಸಿದೆ' ಅಂತ ಬರೆದರೆ ಓಡಿಸಿದವರು ನೀವೇ ಅಂತ ಒಪ್ಪಿಕೊಂಡ ಹಾಗೆ. 'ಈ ವಾಹನದ ಕೀಪರ್ ಆಗಿ ಬರೆಯುತ್ತಿದ್ದೇನೆ, ಅಂದು ವಾಹನ ಇಷ್ಟು ಗಂಟೆಗೆ ಹೊರಟಿತು' ಅಂತ ಬರೆಯಿರಿ. ಖಾಸಗಿ ಕಂಪನಿಗೆ ಚಾಲಕರ ಹೆಸರು ಹೇಳಲೇಬೇಕೆಂಬ ಕಾನೂನು ಇಲ್ಲ. ಪೊಲೀಸರು ಕೇಳಿದರೆ ಮಾತು ಬೇರೆ, ಅವರಿಗೆ ಹೇಳಲೇಬೇಕು. ಸುಳ್ಳು ಮಾತ್ರ ಯಾರಿಗೂ ಬರೆಯಬೇಡಿ.

ಪುರಾವೆ, ಅದೇ ದಿನ

ನಮ್ಮ ವಿಷಯದಲ್ಲಿ ಆಗಿದ್ದು ಇಷ್ಟು. ಬೆಳಿಗ್ಗೆ ಹಾಲು ಬ್ರೆಡ್ ತಂದೆವು. ಅಪ್ಪ ಅಮ್ಮನನ್ನು ವಿಂಡ್ಸರ್ ಕೋಟೆ ತೋರಿಸಲು ಕರೆದುಕೊಂಡು ಹೋದೆವು. ಸಂಜೆ ಅಮ್ಮ ಮೊಸರಿಗೆ ಹೆಪ್ಪು ಹಾಕಲು ಹಾಲು ಸಾಲದು ಅಂದಿದ್ದಕ್ಕೆ ಮತ್ತೆ ಅದೇ ಅಂಗಡಿಗೆ ಹೋದೆವು. ಕ್ಯಾಮೆರಾ ಬೆಳಿಗ್ಗೆ ಹೊರಗೆ ಬಂದಿದ್ದನ್ನೂ ಸಂಜೆ ಒಳಗೆ ಹೋಗಿದ್ದನ್ನೂ ಹಿಡಿದಿಲ್ಲ. ಎರಡು ಸಣ್ಣ ಭೇಟಿಯನ್ನು ಒಂದು ಇಡೀ ದಿನದ ನಿಲುಗಡೆ ಮಾಡಿಬಿಟ್ಟಿದೆ. ಇದು ಅಪರೂಪದ ತಪ್ಪಲ್ಲ, ದಿನಕ್ಕೆ ಎರಡು ಸಲ ಒಂದೇ ಜಾಗಕ್ಕೆ ಹೋಗುವ ಎಷ್ಟೋ ಜನರಿಗೆ ಹೀಗಾಗಿದೆ.

ನಮ್ಮನ್ನು ಉಳಿಸಿದ್ದು ಅಪ್ಪ. ಅವರಿಗೆ ಬಸ್ ಟಿಕೆಟ್ಟನ್ನೂ ಜೇಬಿನಲ್ಲಿ ಮಡಿಸಿ ಇಡುವ ಅಭ್ಯಾಸ. ಕೋಟಿನ ಒಳಜೇಬಿನಿಂದ ವಿಂಡ್ಸರ್‌ನ ಪಾರ್ಕಿಂಗ್ ಟಿಕೆಟ್ ತೆಗೆದರು. ಮೂಲೆ ಸುಕ್ಕಾಗಿತ್ತು, ಆದರೆ ನಮ್ಮ ಕಾರಿನ ನಂಬರ್ ಮತ್ತು ಮಧ್ಯಾಹ್ನ 12.05 ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕಾರು ಒಂದೇ ಹೊತ್ತಿನಲ್ಲಿ ಎರಡು ಊರಲ್ಲಿ ಇರಲು ಸಾಧ್ಯವಿಲ್ಲವಲ್ಲ.

ನಿಮ್ಮ ಬಳಿ ಇಂಥ ಟಿಕೆಟ್ ಇಲ್ಲದಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಆ ದಿನದ ಖರ್ಚು ನೋಡಿ, ಫೋನಿನ ಮ್ಯಾಪ್ ಇತಿಹಾಸ ತೆಗೆಯಿರಿ. ಸಾಧ್ಯವಾದರೆ ಅದೇ ಹೊತ್ತಿನಲ್ಲಿ ಆ ಜಾಗಕ್ಕೆ ಹೋಗಿ ಬೋರ್ಡುಗಳ ಫೋಟೊ ತೆಗೆಯಿರಿ. ಕತ್ತಲಲ್ಲಿ ಓದಲು ಆಗುತ್ತದೆಯೇ? ಮರದ ಕೊಂಬೆ ಅಡ್ಡ ಬಂದಿದೆಯೇ? ಪ್ರವೇಶದಲ್ಲೇ ಬೋರ್ಡ್ ಇದೆಯೇ? ಹಣ ಕಟ್ಟುವ ಯಂತ್ರ ಕೆಟ್ಟಿದ್ದರೆ ಅದರದ್ದೂ ಒಂದು ಫೋಟೊ ಇರಲಿ.

ಕೆಲವು ನಿಯಮ ನಿಮ್ಮ ಪರವಾಗಿವೆ. ಅವಧಿ ಮುಗಿದ ಮೇಲೆ ಹೊರಡಲು ಕನಿಷ್ಠ 10 ನಿಮಿಷ ಕೊಡಬೇಕು. ಕಾರಿನ ನಂಬರ್ ಒತ್ತುವಾಗ ಸೊನ್ನೆ ಬದಲು 'ಓ' ಒತ್ತಿದಂಥ ಸಣ್ಣ ತಪ್ಪಾಗಿ, ಹಣ ಕಟ್ಟಿದ್ದಕ್ಕೆ ಸಾಕ್ಷಿ ಇದ್ದರೆ ಚಾರ್ಜ್ ರದ್ದು ಮಾಡಬೇಕು.

ಕಂಪನಿಗಿಂತ ಮೊದಲು ಅಂಗಡಿ

ಬಹಳ ಜನ ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಪಾರ್ಕಿಂಗ್ ಕಂಪನಿ ಬರೀ ಗುತ್ತಿಗೆದಾರ, ಜಾಗ ಅಂಗಡಿಯವರದ್ದೋ ಆಸ್ಪತ್ರೆಯದ್ದೋ ಆಗಿರುತ್ತದೆ. ಗ್ರಾಹಕರನ್ನು ಕಳೆದುಕೊಳ್ಳುವುದು ಅಂಗಡಿಗೆ ಬೇಡ. ಸಾಮಾನು ಕೊಂಡ ಬಿಲ್ಲು ಹಿಡಿದುಕೊಂಡು ಮ್ಯಾನೇಜರ್ ಬಳಿ ಹೋಗಿ, ಜಗಳ ಆಡದೆ ಮಾತಾಡಿ. ರದ್ದು ಮಾಡಿಸುವ ಅಧಿಕಾರ ಎಷ್ಟೋ ಸಲ ಅವರಿಗೆ ಇರುತ್ತದೆ. ಅವರು ಒಪ್ಪಿದರೂ ಒಂದು ಇಮೇಲ್ ಕೇಳಿ ಪಡೆಯಿರಿ. ಅಷ್ಟಾದರೂ ಕಂಪನಿಗೆ ಮೇಲ್ಮನವಿ ಹಾಕುವುದನ್ನು ನಿಲ್ಲಿಸಬೇಡಿ, ಗಡಿಯಾರ ಓಡುತ್ತಲೇ ಇರುತ್ತದೆ.

ಮೇಲ್ಮನವಿ ಮೊದಲ 14 ದಿನದಲ್ಲೇ ಹಾಕುವುದು ಒಳ್ಳೆಯದು. ಕೊನೆಯ ಗಡುವು 28 ದಿನ. ಕಥೆ ಬೇಡ, ಆರೇಳು ಸಾಲು ಸಾಕು: ಏನಾಯಿತು, ಯಾವ ಪುರಾವೆ ಇದೆ, ರದ್ದು ಮಾಡಿ. ಕಳಿಸುವ ಮೊದಲು ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಣ ಕಟ್ಟಿ ಆಮೇಲೆ ವಾದಿಸೋಣ ಅಂದುಕೊಳ್ಳಬೇಡಿ, ಕಟ್ಟಿದರೆ ಮುಗಿಯಿತು.

ಕಂಪನಿ ಒಪ್ಪದಿದ್ದರೆ ಮೇಲಿನ ಮೆಟ್ಟಿಲು ಇದೆ. ಪಾರ್ಕಿಂಗ್ ಕಂಪನಿಗಳಿಗೆ ಬಿಪಿಎ, ಐಪಿಸಿ ಅಂತ ಎರಡು ಸಂಘಗಳಿವೆ, ಒಂದೊಂದಕ್ಕೂ ಒಂದು ಮೇಲ್ಮನವಿ ಸಂಸ್ಥೆ ಇದೆ: ಕಂಪನಿ ಬಿಪಿಎ ಸದಸ್ಯನಾಗಿದ್ದರೆ 'ಪೋಪ್ಲಾ'ಗೆ, ಐಪಿಸಿ ಸದಸ್ಯನಾಗಿದ್ದರೆ 'ಐಎಎಸ್'ಗೆ ಹೋಗಬೇಕು. ಯಾವುದು ಅಂತ ತಿರಸ್ಕಾರದ ಪತ್ರದಲ್ಲೇ ಬರೆದಿರುತ್ತದೆ. ಪೋಪ್ಲಾಗೆ 28 ದಿನ ಸಮಯ, ಖರ್ಚಿಲ್ಲ. ಅದರ ತೀರ್ಪಿಗೆ ಕಂಪನಿ ಬದ್ಧ, ನೀವು ಬದ್ಧರಲ್ಲ. ಆದರೆ ಸೋತರೆ 60ರ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ತಪ್ಪು ನಿಮ್ಮದೇ ಅಂತ ಮನಸ್ಸಿಗೆ ಗೊತ್ತಿದ್ದರೆ 60 ಕಟ್ಟಿಬಿಡಿ. ನಾನಾದರೂ ಹಾಗೇ ಮಾಡುತ್ತೇನೆ.

ಕೆಂಪು ಅಕ್ಷರದ ಪತ್ರಗಳು

ಕಟ್ಟದೆ ಬಿಟ್ಟರೆ ಸಾಲ ವಸೂಲಿ ಏಜೆನ್ಸಿಯಿಂದ ಪತ್ರ ಬರಲು ಶುರುವಾಗುತ್ತದೆ. ಮೊತ್ತಕ್ಕೆ ಇನ್ನೂ 70 ಪೌಂಡ್ ಸೇರಿಸಿರುತ್ತಾರೆ. ಇವರು ಕೋರ್ಟಿನ ಬೇಲಿಫ್‌ಗಳಲ್ಲ, ಮನೆ ಬಾಗಿಲಿಗೆ ಬಂದು ಸಾಮಾನು ಎತ್ತಿಕೊಂಡು ಹೋಗಲು ಅಧಿಕಾರ ಇಲ್ಲ. ಆ ಪತ್ರಗಳನ್ನು ಕಂಡು ನಿದ್ದೆ ಕೆಡಿಸಿಕೊಳ್ಳಬೇಡಿ, ಎತ್ತಿಡಿ.

ಆದರೆ ಎರಡು ಕಾಗದವನ್ನು ಯಾವತ್ತೂ ಬಿಡಬಾರದು. ಒಂದು 'ಲೆಟರ್ ಆಫ್ ಕ್ಲೇಮ್', ಅಂದರೆ ಕೋರ್ಟಿಗೆ ಹೋಗುವ ಮೊದಲು ಕೊಡುವ ಎಚ್ಚರಿಕೆಯ ಪತ್ರ, ಅದಕ್ಕೆ ಉತ್ತರಿಸಲು 30 ದಿನ. ಇನ್ನೊಂದು ನಾರ್ಥಾಂಪ್ಟನ್‌ನಿಂದ ಬರುವ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. ಅದು ತಲುಪಿದ ಮೇಲೆ 14 ದಿನದೊಳಗೆ ಉತ್ತರಿಸಬೇಕು. ಆ ಅವಧಿಯಲ್ಲಿ ಸ್ವೀಕೃತಿ ಕಳಿಸಿದರೆ ವಾದ ಬರೆಯಲು ಒಟ್ಟು 28 ದಿನ ಸಿಗುತ್ತದೆ. ಉತ್ತರವೇ ಕೊಡದಿದ್ದರೆ ನೀವು ಇಲ್ಲದೆಯೇ ತೀರ್ಪು ಆಗಿಬಿಡುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಆ ತೀರ್ಪು 6 ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲ ಕೇಳಲು ಹೋದ ದಿನ ಅದು ಎದುರಿಗೆ ಬಂದು ನಿಲ್ಲುತ್ತದೆ.

ನಮ್ಮವರು ಈ ಬಲೆಗೆ ಬೀಳುವುದು ಮನೆ ಬದಲಿಸುವಾಗ. ಪ್ರಾಜೆಕ್ಟ್ ಮುಗಿಯಿತು ಅಂತ ಸ್ಲೌನಿಂದ ಲೀಡ್ಸ್‌ಗೆ ಹೋಗುತ್ತಾರೆ. ಬ್ಯಾಂಕಿಗೆ, ಮಕ್ಕಳ ಶಾಲೆಗೆ ಹೊಸ ವಿಳಾಸ ಕೊಡುತ್ತಾರೆ, ಕಾರಿನ ನೋಂದಣಿ ಪತ್ರವಾದ ಲಾಗ್‌ಬುಕ್ ಮರೆತುಬಿಡುತ್ತಾರೆ. ಎಲ್ಲ ನೋಟಿಸೂ ಹಳೇ ಮನೆಯ ಬಾಗಿಲ ಕೆಳಗೆ ಬೀಳುತ್ತವೆ. ಲಾಗ್‌ಬುಕ್‌ನಲ್ಲಿ ವಿಳಾಸ ಬದಲಿಸಲು ಹಣ ಬೇಡ, ಡಿವಿಎಲ್‌ಎ ಜಾಲತಾಣದಲ್ಲೇ ಆಗುತ್ತದೆ. ಬದಲಿಸದಿದ್ದರೆ ಅದಕ್ಕೇ 1,000 ಪೌಂಡ್‌ವರೆಗೆ ದಂಡ ಹಾಕಬಹುದು. ಡ್ರೈವಿಂಗ್ ಲೈಸೆನ್ಸ್ ವಿಳಾಸ ಬದಲಿಸಿದರೆ ಲಾಗ್‌ಬುಕ್ ತಾನಾಗೇ ಬದಲಾಗುವುದಿಲ್ಲ, ಎರಡನ್ನೂ ಬೇರೆ ಬೇರೆ ಮಾಡಬೇಕು.

ನಮ್ಮ ಮೇಲ್ಮನವಿಗೆ ಉತ್ತರ ಬಂದಾಗ ಅಪ್ಪ ಅಮ್ಮ ಊರಿಗೆ ಹೋಗಿಯಾಗಿತ್ತು. ಎರಡೇ ಸಾಲು: ಚಾರ್ಜ್ ರದ್ದಾಗಿದೆ, ಮುಂದೆ ಕ್ರಮ ಇಲ್ಲ. ಆ ಪತ್ರವನ್ನೂ ವಿಂಡ್ಸರ್ ಟಿಕೆಟ್ಟನ್ನೂ ಒಂದೇ ಕ್ಲಿಪ್ಪಿಗೆ ಹಾಕಿ, ಕಾರಿನ ಕಾಗದಗಳ ಫೈಲಿನಲ್ಲಿ ಇಟ್ಟಿದ್ದೇನೆ.