ಸೇಬಿನ ಹುಳಿ: ಎಲ್ಲಿಗೆ ಹಾಕಬೇಕು, ಎಲ್ಲಿಗೆ ಬೇಡ

ಮೈಸೂರಿನ ನಮ್ಮ ಹಳೆಯ ಮನೆಯ ಮೊಸಾಯಿಕ್ ನೆಲದಲ್ಲಿ ಊಟದ ತಟ್ಟೆಯಷ್ಟು ಅಗಲದ ಮಂಕು ಕಲೆಯೊಂದಿದೆ. ಅದು ನನ್ನ ಕೈಯಿಂದಲೇ ಆದದ್ದು. ಎಣ್ಣೆ ಜಿಡ್ಡು ತೆಗೆಯಲೆಂದು ವಿನೆಗರ್ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಿದ್ದೆ. ಜಿಡ್ಡು ಅಲ್ಲೇ ಉಳಿಯಿತು, ಅಜ್ಜನ ಕಾಲದಿಂದ ಇದ್ದ ಹೊಳಪು ಮಾತ್ರ ಹೋಯಿತು. ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆಯ ಚೂರು ಮತ್ತು ಸಿಮೆಂಟು, ಎರಡರಲ್ಲೂ ಇರುವುದು ಸುಣ್ಣದ ಅಂಶ. ಹುಳಿ ಸುಣ್ಣವನ್ನು ತಿನ್ನುತ್ತದೆ. ಇಷ್ಟು ತಿಳಿದುಕೊಂಡ ಮೇಲೆ ಅದೇ ಬಾಟಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂತು. ಆಪಲ್ ಸೈಡರ್ ವಿನೆಗರ್ ಈಗ ಬಡಾವಣೆಯ ಅಂಗಡಿಗಳಲ್ಲೂ ಸಿಗುತ್ತದೆ. ತಂದವರು ಅದನ್ನು ಎಲ್ಲಿ, ಎಷ್ಟು, ಹೇಗೆ ಬಳಸಬಹುದು ಎಂಬುದನ್ನು ನಾನು ಮಾಡಿ ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಬಾಟಲಿ ಓದಿ

ಸೇಬಿನ ರಸದ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿಸುತ್ತದೆ. ಆ ಮದ್ಯಸಾರವನ್ನು ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಅಸಿಟಿಕ್ ಆಮ್ಲವಾಗಿಸುತ್ತದೆ. ಹೀಗೆ ಎರಡು ಸಲ ಹುಳಿತು ಬಂದದ್ದೇ ಸೈಡರ್ ವಿನೆಗರ್. ಬಾಟಲಿಯ ತಳದಲ್ಲಿ ಮೋಡದಂತೆ ತೇಲುವ ಲೋಳೆಗೆ 'ಮದರ್' ಎನ್ನುತ್ತಾರೆ. ಅದು ಬ್ಯಾಕ್ಟೀರಿಯಾ ಮತ್ತು ಅವು ಕಟ್ಟಿದ ನಾರಿನ ಮುದ್ದೆ. ಅದನ್ನು ಕಂಡು ಕೆಟ್ಟುಹೋಯಿತೆಂದು ಚೆಲ್ಲಬೇಕಾಗಿಲ್ಲ.

ಲೇಬಲ್ ಮೇಲೆ ಆಮ್ಲದ ಪ್ರಮಾಣ ನೋಡಿ, ಸಾಮಾನ್ಯವಾಗಿ ಶೇ 5ರ ಆಸುಪಾಸು ಇರುತ್ತದೆ. ಹುಳಿಸಿ ಮಾಡಿದ ವಿನೆಗರ್‌ನಲ್ಲಿ ಕನಿಷ್ಠ ಶೇ 3.75 ಅಸಿಟಿಕ್ ಆಮ್ಲ ಇರಬೇಕೆಂಬುದು ನಮ್ಮ ದೇಶದ ಆಹಾರ ನಿಯಮ. ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದಾದರೆ 'ಸಿಂಥೆಟಿಕ್' ಎಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ಹಾಕಲೇಬೇಕು. ಈ ಬಿಳಿ ವಿನೆಗರ್ ಬಲು ಅಗ್ಗ. ತೊಳೆಯುವ ಕೆಲಸಕ್ಕೆ ಅದೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡು ಕೊಟ್ಟು ತಂದ ಸೇಬಿನ ವಿನೆಗರನ್ನು ನಲ್ಲಿಗೆ ಸುರಿಯುವುದು ದಂಡ. ಅಡುಗೆಗೆ, ತಲೆಗೆ, ನೊರಜಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ನೊರಜಿನ ಬಲೆ

ಇದಕ್ಕೆ ಸೇಬಿನ ವಿನೆಗರ್ ಅನ್ನೇ ಬಳಸಬೇಕು, ಬಿಳಿಯದು ಅಷ್ಟು ಕೆಲಸ ಮಾಡದು. ಮಾವು, ಹಲಸಿನ ಕಾಲದಲ್ಲಿ ಹಣ್ಣಿನ ಬುಟ್ಟಿಯ ಸುತ್ತ ಹಾರಾಡುವ ಆ ಸಣ್ಣ ನೊಣಗಳು ಹುಡುಕುವುದು ಹುಳಿತ ಹಣ್ಣಿನ ವಾಸನೆಯನ್ನು. ಆ ವಾಸನೆ ಈ ಬಾಟಲಿಯಲ್ಲಿ ಸಿದ್ಧವಾಗಿಯೇ ಇದೆ.

1. ಸಣ್ಣ ಗಾಜಿನ ಲೋಟಕ್ಕೆ ಎರಡು ಬೆರಳು ಎತ್ತರ ವಿನೆಗರ್ ಹಾಕಿ. ನೀರು ಬೆರೆಸಬೇಡಿ.
2. ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಬಿಟ್ಟು ಮೆಲ್ಲಗೆ ಕಲಕಿ, ನೊರೆ ಏಳಿಸಬೇಡಿ. ಸೋಪು ಇಲ್ಲದಿದ್ದರೆ ನೊರಜು ದ್ರವದ ಮೇಲ್ಪದರದ ಮೇಲೆ ಕೂತು ಕುಡಿದು ಹಾರಿಹೋಗುತ್ತದೆ. ಸೋಪು ಆ ಪದರವನ್ನು ಸಡಿಲಿಸುವುದರಿಂದ ಕೂತ ಕೂಡಲೇ ಮುಳುಗುತ್ತದೆ.
3. ಹಣ್ಣಿನ ಬುಟ್ಟಿಯ ಪಕ್ಕ, ಇನ್ನೊಂದನ್ನು ಸಿಂಕ್ ಬಳಿ ರಾತ್ರಿ ಇಡಿ. ಎರಡು ದಿನಕ್ಕೊಮ್ಮೆ ಬದಲಿಸಿ.

ಬಲೆ ಇಟ್ಟರೂ ಕೊಳೆತ ಹಣ್ಣು, ಹಲಸಿನ ತೊಳೆಯ ಗುಂಜು, ಹಸಿ ಕಸದ ಡಬ್ಬ ಅಲ್ಲೇ ಇದ್ದರೆ ನೊರಜು ಮುಗಿಯುವುದಿಲ್ಲ. ಅದರ ಮೊಟ್ಟೆ ಇರುವುದು ಅಲ್ಲಿ. ಕಸವನ್ನು ದಿನವೂ ಹೊರಗೆ ಹಾಕಿ, ಬಲೆಯನ್ನೂ ಇಡಿ. ಎರಡೂ ಸೇರಿದರೆ ವಾರದೊಳಗೆ ಅಡುಗೆಮನೆ ತಿಳಿಯಾಗುತ್ತದೆ.

ಗಡಸು ನೀರಿನ ಬಿಳಿ ಪೊರೆ

ಬೋರ್‌ವೆಲ್ ನೀರಿನ ಊರುಗಳಲ್ಲಿ ಕೆಟಲ್ ತಳ, ನಲ್ಲಿಯ ಮೂತಿ, ಶವರ್‌ನ ತೂತು ಎಲ್ಲಕ್ಕೂ ಬಿಳಿ ಪೊರೆ ಕಟ್ಟುತ್ತದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಂಶದ್ದೇ. ನಮ್ಮ ನೆಲದ ಹೊಳಪನ್ನು ತಿಂದ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಸಿಟಿಕ್ ಆಮ್ಲ ತಾಗಿದಾಗ ಆ ಪೊರೆ ಕರಗಿ, ಇಂಗಾಲದ ಡೈಆಕ್ಸೈಡ್‌ನ ಸಣ್ಣ ಗುಳ್ಳೆಗಳು ಏಳುತ್ತವೆ.

ಕೆಟಲ್‌ಗೆ ಅರ್ಧ ವಿನೆಗರ್, ಅರ್ಧ ನೀರು ಹಾಕಿ ಕುದಿಸಿ, ಆಫ್ ಮಾಡಿ ಅರ್ಧ ಗಂಟೆ ಬಿಡಿ. ಚೆಲ್ಲಿ, ಬರೀ ನೀರು ಹಾಕಿ ಎರಡು ಸಲ ಕುದಿಸಿ ಚೆಲ್ಲಿ, ಇಲ್ಲವಾದರೆ ಮರುದಿನದ ಕಾಫಿಯಲ್ಲಿ ಹುಳಿ ವಾಸನೆ ಬರುತ್ತದೆ. ನಲ್ಲಿಗೆ ಹಳೆಯ ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಸುತ್ತಿ, ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಶವರ್ ಆದರೆ ಪ್ಲಾಸ್ಟಿಕ್ ಚೀಲಕ್ಕೆ ವಿನೆಗರ್ ಹಾಕಿ, ಶವರ್‌ನ ಮೂತಿ ಮುಳುಗುವಂತೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿಬಿಡಿ.

ಈಗ ಹಾಕಬಾರದ ಜಾಗಗಳು. ಅಮೃತಶಿಲೆ, ಮೊಸಾಯಿಕ್, ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಇವೆಲ್ಲಕ್ಕೂ ಬೇಡ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಆ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ತುಂಬಿರುವುದೂ ಅದಕ್ಕೇ. ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದು, ಅದಕ್ಕೂ ಬೇಡ. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ವಿನೆಗರ್ ನೆನೆಹಾಕಬೇಡಿ.

ಇದಕ್ಕಿಂತ ದೊಡ್ಡ ಎಚ್ಚರ ಒಂದಿದೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಜೊತೆ ವಿನೆಗರ್ ಎಂದಿಗೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ.

ಸಿಂಕ್ ಕಟ್ಟಿಕೊಂಡರೆ ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಸುರಿಯುವ ವಿಡಿಯೋಗಳು ಬಹಳ ಓಡಾಡುತ್ತಿವೆ. ಹುಳಿಯನ್ನು ಸೋಡಾ ಕೊಲ್ಲುತ್ತದೆ, ಸೋಡಾವನ್ನು ಹುಳಿ ಕೊಲ್ಲುತ್ತದೆ. ಉಳಿಯುವುದು ಉಪ್ಪುಪ್ಪಾದ ನೀರು. ನೊರೆ ಕಂಡು ಕೆಲಸ ಆಯಿತೆಂದುಕೊಳ್ಳಬೇಡಿ, ರಬ್ಬರ್ ಪಂಪ್ ತೆಗೆದುಕೊಳ್ಳಿ.

ತಲೆಗೂದಲಿಗೆ

ನಮ್ಮಜ್ಜಿ ಸೀಗೆಪುಡಿ ಹಾಕಿ ಎರೆದು ಕೊನೆಗೆ ನಿಂಬೆರಸದ ನೀರು ಸುರಿಯುತ್ತಿದ್ದರು. ಲೆಕ್ಕ ಅದೇ. ಸೋಪಿನ ಕ್ಷಾರ ಮತ್ತು ಗಡಸು ನೀರು ಸೇರಿದರೆ ಕೂದಲಿನ ಹೊರಪದರದ ಹುರುಪೆಗಳು ಎದ್ದು ನಿಲ್ಲುತ್ತವೆ, ಕೂದಲು ಒರಟಾಗುತ್ತದೆ. ಮೆಲು ಹುಳಿ ಅವನ್ನು ಮಲಗಿಸುತ್ತದೆ. ಒಂದು ಲೀಟರ್ ನೀರಿಗೆ ಎರಡು ಊಟದ ಚಮಚ, ಸುಮಾರು 30 ಮಿ.ಲೀ., ಸೇಬಿನ ವಿನೆಗರ್ ಬೆರೆಸಿ. ಶಾಂಪೂ ತೊಳೆದ ಮೇಲೆ ಕೂದಲ ಉದ್ದಕ್ಕೆ ಸುರಿದು, ಒಂದೆರಡು ನಿಮಿಷ ಬಿಟ್ಟು, ಬರೀ ನೀರಿನಿಂದ ತೊಳೆಯಿರಿ. ವಾರಕ್ಕೊಮ್ಮೆ ಸಾಕು. ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದರೆ ಬೇಡ. ಕಣ್ಣಿಗೆ ಬಿದ್ದರೆ ತುಂಬ ನೀರಿನಿಂದ ತೊಳೆಯಿರಿ.

ಚರ್ಮದ ವಿಷಯದಲ್ಲಿ ನಾನು ಹಿಂದೆ ಸರಿಯುತ್ತೇನೆ. ಇಸುಬಿಗೆ ಈ ವಿನೆಗರ್ ಬೆರೆಸಿದ ನೀರಿನಲ್ಲಿ ಕೈ ನೆನೆಸುವುದನ್ನು ಅಮೆರಿಕದ ವರ್ಜೀನಿಯಾದಲ್ಲಿ 22 ಜನರ ಮೇಲೆ ಪರೀಕ್ಷಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಚರ್ಮ ಸುಧಾರಿಸಲಿಲ್ಲ, ಬಹುಮಂದಿಗೆ ಉರಿ, ಕೆಂಪು ಕಾಣಿಸಿತು. ಅದೂ ವಿನೆಗರನ್ನು ಹತ್ತು ಪಟ್ಟು ತೆಳುಮಾಡಿ ಹಾಕಿದಾಗ. ಮಚ್ಚೆ ತೆಗೆಯಲೆಂದು ಹಸಿ ವಿನೆಗರ್ ಕಟ್ಟಿ ಸುಟ್ಟುಕೊಂಡವರ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಮಕ್ಕಳ ಚರ್ಮಕ್ಕಂತೂ ಬೇಡವೇ ಬೇಡ.

ಕುಡಿಯುವವರಿಗೆ

ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮುಚ್ಚಳ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ನಿಜವಿದೆ. ಪಿಷ್ಟ ಹೆಚ್ಚಿರುವ ಊಟದ ಜೊತೆ ವಿನೆಗರ್ ತೆಗೆದುಕೊಂಡರೆ ನಂತರ ಏರುವ ರಕ್ತದ ಸಕ್ಕರೆ ಕೊಂಚ ಕಡಿಮೆ ಎಂದು ಅರಿಜೋನಾದ ಸಂಶೋಧಕರು 2004ರಲ್ಲಿ ತೋರಿಸಿದರು. ಅಂದರೆ ಅನ್ನ, ಇಡ್ಲಿಯ ಜೊತೆಗಿನ ಮಾತು, ಖಾಲಿ ಹೊಟ್ಟೆಯ ಮಾತಲ್ಲ. ತೂಕ ಇಳಿಯುತ್ತದೆ ಎಂದು 2024ರಲ್ಲಿ ದೊಡ್ಡ ಸುದ್ದಿಯಾದ ಲೆಬನಾನಿನ ಅಧ್ಯಯನವನ್ನು ಅಂಕಿಅಂಶಗಳ ಮೇಲೆ ಅನುಮಾನ ಬಂದು ಮರುವರ್ಷ ಪತ್ರಿಕೆಯೇ ಹಿಂತೆಗೆದುಕೊಂಡಿತು. ಸಕ್ಕರೆ ಕಾಯಿಲೆಯ ಮಾತ್ರೆಯ ಬದಲು ಇದನ್ನು ಕುಡಿಯಬೇಡಿ. ಇನ್ಸುಲಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯದ ಔಷಧ ತೆಗೆದುಕೊಳ್ಳುವವರು, ಹೊಟ್ಟೆ ಹುಣ್ಣು ಇರುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಕುಡಿಯಲೇಬೇಕು ಎನ್ನುವವರು ಹೀಗೆ ಮಾಡಿ: ದೊಡ್ಡ ಲೋಟ ನೀರಿಗೆ ಒಂದು ಟೀ ಚಮಚ, ಊಟದ ಜೊತೆ, ಸ್ಟ್ರಾದಲ್ಲಿ. ಆಮೇಲೆ ಬಾಯಿ ಮುಕ್ಕಳಿಸಿ. ಹುಳಿ ತಾಗಿದ ಹಲ್ಲಿನ ಹೊದಿಕೆ ಮೆತ್ತಗಾಗಿರುತ್ತದೆ, ಅರ್ಧ ಗಂಟೆ ಬ್ರಷ್ ಹಾಕಬೇಡಿ.

ಕುಡಿಯುವುದಕ್ಕಿಂತ ಊಟದಲ್ಲೇ ಇದು ರುಚಿ. ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಎಂಬ ಹಣ್ಣಿನ ವಿನೆಗರ್ ಹಾಕುವುದು, ಮಂಗಳೂರಿನ ಕ್ರೈಸ್ತರ ಅಡುಗೆಯಲ್ಲಿ ಕಳ್ಳಿನ ವಿನೆಗರ್ ಇರುವುದು ಇದೇ ಕಾರಣಕ್ಕೆ. ಒಂದು ದೊಡ್ಡ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಅರ್ಧ ಕಪ್ ವಿನೆಗರ್, ಅರ್ಧ ಕಪ್ ಬಿಸಿನೀರು, ಒಂದು ಟೀ ಚಮಚ ಉಪ್ಪು, ಎರಡು ಟೀ ಚಮಚ ಸಕ್ಕರೆಯಲ್ಲಿ ಮುಳುಗಿಸಿ. ಅರ್ಧ ಗಂಟೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಫ್ರಿಜ್‌ನಲ್ಲಿ ವಾರ ಇರುತ್ತದೆ. ರೊಟ್ಟಿ, ಪಲಾವ್ ಎರಡಕ್ಕೂ ಸೈ.

ಸಿಪ್ಪೆಯಿಂದ ಮನೆಯಲ್ಲೇ

ಸೇಬು ಅಗ್ಗವಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಿಪ್ಪೆ, ತಿರುಳಿನ ಗಟ್ಟಿಭಾಗ ಎಸೆಯಬೇಡಿ. ತೊಳೆದ ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ತುಂಬಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ನಾಲ್ಕು ಊಟದ ಚಮಚ ಸಕ್ಕರೆ ಕರಗಿಸಿ ಸಿಪ್ಪೆ ಮುಳುಗುವಂತೆ ಸುರಿಯಿರಿ. ತೇಲುವ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಮೇಲೆ ಸಣ್ಣ ತಟ್ಟೆಯ ಭಾರ ಇಡಿ. ಮುಚ್ಚಳದ ಬದಲು ಮಲ್ಲು ಬಟ್ಟೆ ಕಟ್ಟಿ, ಗಾಳಿ ಬೇಕು, ನೊರಜು ಬೇಡ. ದಿನಕ್ಕೊಮ್ಮೆ ಶುದ್ಧ ಮರದ ಸೌಟಿನಿಂದ ಕಲಕಿ. ವಾರದಲ್ಲಿ ಗುಳ್ಳೆ ಎದ್ದು ಮದ್ಯದ ವಾಸನೆ ಬರುತ್ತದೆ. ಎರಡನೇ ವಾರದ ಹೊತ್ತಿಗೆ ಸಿಪ್ಪೆ ಸೋಸಿ ತೆಗೆದು, ನೀರನ್ನು ಮತ್ತೆ ಬಟ್ಟೆ ಕಟ್ಟಿ ಮೂರು ನಾಲ್ಕು ವಾರ ಕತ್ತಲಲ್ಲಿ ಬಿಡಿ. ಮೂಗಿಗೆ ಚುರುಕ್ಕೆನ್ನುವ ಹುಳಿ ಬಂದರೆ ಆಯಿತು. ಹಸಿರು, ಕಪ್ಪು ಬೂಷ್ಟು ಕಂಡರೆ ಇಡೀ ಭರಣಿ ಚೆಲ್ಲಿ.

ಈ ಮನೆ ವಿನೆಗರ್‌ನ ಹುಳಿ ಎಷ್ಟೆಂದು ಅಳೆಯಲಾಗದು. ನೊರಜಿಗೆ, ತಲೆಗೆ, ಸಲಾಡ್‌ಗೆ ಬಳಸಿ. ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ಮಾತ್ರ ಲೇಬಲ್‌ನಲ್ಲಿ ಶೇ 5 ಎಂದಿರುವ ಬಾಟಲಿಯನ್ನೇ ತೆರೆಯಿರಿ.