ಆರಿದ್ರಾ ಮಂಕಾದಾಗ ನಾನು ಹಾಕಿದ ಲೆಕ್ಕ

2019ರ ಡಿಸೆಂಬರ್‌ನಲ್ಲಿ ಆರಿದ್ರಾ ಮಂಕಾಗುತ್ತಿದೆ ಅನ್ನೋ ಸುದ್ದಿ ಬಂತು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲ ಮೇಲಿನ ಕೆಂಪು ನಕ್ಷತ್ರ, ಬೀಟಲ್‌ಜ್ಯೂಸ್. ಚಿಕ್ಕಂದಿನಿಂದ ನೋಡಿಕೊಂಡು ಬಂದ ನಕ್ಷತ್ರ ಅದು. ಆವತ್ತೇ ನೋಟ್‌ಬುಕ್ ಹಿಡಿದು ತಾರಸಿ ಹತ್ತಿದೆ.

ಟೆಲಿಸ್ಕೋಪ್ ಬೇಕಿರಲಿಲ್ಲ. ಹೋಲಿಸಲು ಎರಡು ನಕ್ಷತ್ರ ಸಾಕಿತ್ತು. ರೋಹಿಣಿಯ ಕಾಂತಿಮಾನ, ಅಂದರೆ ನಮಗೆ ಕಾಣುವ ಹೊಳಪಿನ ಅಳತೆ, ಸುಮಾರು 0.9, ಬೆಲಾಟ್ರಿಕ್ಸ್‌ದು 1.6. ಅಂಕಿ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ. ಇವೆರಡರ ನಡುವಿನ ಅಂತರವನ್ನು ಮನಸ್ಸಲ್ಲೇ ಹತ್ತು ಪಾಲು ಮಾಡಿ, ಆರಿದ್ರಾ ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳುತ್ತಿದ್ದೆ.

ಮೊದಲ ವಾರವೇ ಎಡವಿದೆ. ಒಂದು ರಾತ್ರಿ ಎಂಟೂವರೆಗೆ 1.4 ಅಂತ ಬರೆದಿದ್ದೆ, ಹನ್ನೊಂದಕ್ಕೆ ನೋಡಿದರೆ 1.2! ಎರಡೂವರೆ ಗಂಟೆಯಲ್ಲಿ ಅಷ್ಟು ದೊಡ್ಡ ನಕ್ಷತ್ರ ಬದಲಾಗೋದಿಲ್ಲ, ಅಲ್ವಾ? ತಪ್ಪು ಗಾಳಿಯ ಲೆಕ್ಕದಲ್ಲಿತ್ತು: ಎಂಟೂವರೆಗೆ ಆರಿದ್ರಾ ಉಳಿದೆರಡಕ್ಕಿಂತ ಕೆಳಗಿತ್ತು. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ಒಂದು ಪದರ ಗಾಳಿ ದಾಟಿದರೆ, 30 ಡಿಗ್ರಿ ಎತ್ತರದಲ್ಲಿರುವುದರ ಬೆಳಕು ಎರಡು ಪದರ ದಾಟಬೇಕು. ಒಂದು ಪದರ ನೂರರಲ್ಲಿ 80 ಪಾಲು ಬೆಳಕನ್ನು ದಾಟಲು ಬಿಟ್ಟರೆ, ಎರಡನೆಯದು ಆ 80ರಲ್ಲೂ ನೂರಕ್ಕೆ 80ರಷ್ಟನ್ನೇ ಬಿಡುತ್ತದೆ. ಅಂದರೆ 64. ಮೂರು ಪದರಕ್ಕೆ 51. ಪ್ರತಿ ಸಲ ಕಳೆಯುವುದಲ್ಲ, ಗುಣಿಸುವುದು. ಘಾತೀಯ ಫಲನ ಅಂದರೆ ಇದೇ. ಓದುವಾಗ ಪರೀಕ್ಷೆಗೆ ಬರೆದಿದ್ದೆ, ತಾರಸಿ ಮೇಲೆ ಅರ್ಥವಾಯಿತು. ಆಮೇಲೆ ಮೂರೂ ನಕ್ಷತ್ರ ಮೇಲೆ ಬಂದ ಮೇಲಷ್ಟೇ ನೋಡತೊಡಗಿದೆ.

2020ರ ಫೆಬ್ರವರಿಯಲ್ಲಿ ಆರಿದ್ರಾ ಬೆಲಾಟ್ರಿಕ್ಸ್‌ಗೆ ಸಮ ಆಯಿತು, 1.6. ಮಾಮೂಲಿಯಾಗಿ 0.5ರ ಸುತ್ತ ಇರುವ ನಕ್ಷತ್ರ! ಬೆಳಕು ಎಷ್ಟು ಪಟ್ಟು ಕಮ್ಮಿಯಾಯಿತು ಅಂತ ತಿಳಿಯಲು 1.6ನ್ನು 0.5ರಿಂದ ಭಾಗಿಸಬಾರದು. ಮೊದಲು ಕಳೆಯಬೇಕು: 1.1. ಅದನ್ನು 0.4ರಿಂದ ಗುಣಿಸಿದರೆ 0.44. ಈಗ 10ರ ಘಾತ 0.44 ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ 2.75 ಪಟ್ಟು. ರೂಪಾಯಿಯಷ್ಟು ಬೆಳಕಿದ್ದ ಕಡೆ 36 ಪೈಸೆ ಉಳಿದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಂತಿಮಾನದ ಐದು ಮೆಟ್ಟಿಲಿಗೆ ಬೆಳಕು ಸರಿಯಾಗಿ 100 ಪಟ್ಟು, ಒಂದಕ್ಕೆ 2.512 ಪಟ್ಟು ಅನ್ನೋ ಈ ಅಳತೆಯನ್ನು 1856ರಲ್ಲಿ ಸೂಚಿಸಿದವರು ಇಂಗ್ಲಿಷ್ ಖಗೋಳಜ್ಞ ನಾರ್ಮನ್ ಪಾಗ್ಸನ್. ಆ 0.4 ಬಂದದ್ದು ಇದರಿಂದಲೇ: 5ನ್ನು 0.4ರಿಂದ ಗುಣಿಸಿದರೆ 2, 10ರ ಘಾತ 2 ಅಂದರೆ 100. ಮುಂದೆ ಅವರು ಮದ್ರಾಸ್ ವೀಕ್ಷಣಾಲಯಕ್ಕೆ ಬಂದು 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ನಮ್ಮದೇ ಆಕಾಶ ನೋಡಿದವರು ಅಂತ ನನಗೊಂದು ಖುಷಿ.

ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ, ಅದರ ದಕ್ಷಿಣ ಭಾಗವನ್ನು ಮರೆ ಮಾಡಿತ್ತು ಅಂತ ಆಮೇಲೆ ಓದಿದೆ. ಧೂಳು ಬೆಳಕು ತಿನ್ನುವುದೂ ಗಾಳಿಯ ಹಾಗೇ, ಪದರ ಪದರಕ್ಕೆ ಇಷ್ಟು ಪಾಲು ಅಂತ.

ಏಪ್ರಿಲ್ ಕೊನೆಗೆ ಆರಿದ್ರಾ ಮತ್ತೆ ರೋಹಿಣಿಯನ್ನು ಮೀರಿಸಿತ್ತು. ಎರಡೂ ಪಶ್ಚಿಮಕ್ಕೆ ಇಳಿದಿದ್ದವು, ರೋಹಿಣಿ ಇನ್ನೂ ಕೆಳಗೆ. ಗಾಳಿಯ ಪಾಲು ತೆಗೆದು 0.6 ಅಂತ ಬರೆದೆ.