ಅಪ್ಪನ ಕ್ಯಾಸೆಟ್ಟುಗಳಲ್ಲಿ ಯಾವುದನ್ನು ಇಳಿಸಿಕೊಂಡೆ, ಯಾವುದನ್ನು ಬಿಟ್ಟೆ

ಹಾಡು ಕೇಳೋದಕ್ಕೆ ನಾನೂ ಆ್ಯಪನ್ನೇ ಬಳಸುತ್ತೇನೆ. ಕಾರಲ್ಲಿ, ಅಡುಗೆಮನೆಯಲ್ಲಿ, ವಾಕಿಂಗ್ ಹೋಗುವಾಗ ಅದಕ್ಕಿಂತ ಸಲೀಸು ಇನ್ನೇನಿದೆ? ಹಾಗಾಗಿ ಅಪ್ಪ ಕೂಡಿಟ್ಟ ಎರಡು ಟ್ರಂಕ್ ಕ್ಯಾಸೆಟ್ ನನ್ನ ಪಾಲಿಗೆ ಬಂದಾಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವ ಯೋಚನೆ ಮಾಡಲಿಲ್ಲ. 90 ನಿಮಿಷದ ಕ್ಯಾಸೆಟ್ ಇಳಿಸೋಕೆ 90 ನಿಮಿಷ ಬೇಕೇ ಬೇಕು. ಮೊದಲು ಆರಿಸಬೇಕಿತ್ತು.

ಸಿನಿಮಾ ಹಾಡು, ಭಾವಗೀತೆ, ದಾಸರ ಪದ ಇವೆಲ್ಲ ಅಂಗಡಿಯಲ್ಲಿ ಕೊಂಡವು. ಒಂದೊಂದನ್ನೇ ಆ್ಯಪಲ್ಲಿ ಹುಡುಕಿದೆ. ಹೆಸರು ಕಂಡ ಕೂಡಲೇ ಸಿಕ್ಕಿತು ಅಂದುಕೊಳ್ಳೋ ಹಾಗಿಲ್ಲ. ಅದೇ ಭಾವಗೀತೆಯನ್ನು ಬೇರೆಯವರು ಹಾಡಿರುತ್ತಾರೆ, ಅಥವಾ ಅದೇ ಗಾಯಕರು ಎಷ್ಟೋ ವರ್ಷದ ಮೇಲೆ ಕೀಬೋರ್ಡ್ ಸೇರಿಸಿ ಮತ್ತೆ ಹಾಡಿರುತ್ತಾರೆ. ಅವಧಿ ನೋಡಿ, ಶುರುವಿನ ವಾದ್ಯ ಕೇಳಿ ತಾಳೆ ಹಾಕಿದೆ. ಅದೇ ರೆಕಾರ್ಡಿಂಗ್ ಆಗಿದ್ದರೆ ಕ್ಯಾಸೆಟ್ ಪಕ್ಕಕ್ಕೆ. ಬಹಳಷ್ಟು ಹೀಗೇ ಹೋದವು, ಬೇಜಾರೇನೂ ಆಗಲಿಲ್ಲ.

ಆದರೂ ಆ್ಯಪನ್ನು ಪೂರ್ತಿ ನಂಬೋಕೆ ಆಗಲ್ಲ. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಕೆಲವೇ ತಿಂಗಳಲ್ಲಿ ಸರಿಗಮ ಕಂಪನಿಯ ಹಾಡುಗಳು ಅದರಿಂದ ಮಾಯವಾದವು. ಸರಿಗಮ ಅಂದರೆ ನಮ್ಮ ಹಳೇ ಎಚ್‌ಎಂವಿ. 2020ರಲ್ಲಿ ಇಬ್ಬರಿಗೂ ಒಪ್ಪಂದ ಆದ ಮೇಲೆ ಮರಳಿದವು. ನಡುವೆ ದುಡ್ಡು ಕಟ್ಟಿ ಕೇಳುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಅದಕ್ಕೇ ಬಿಟ್ಟಿರೋಕಾಗದ ಒಂದಷ್ಟು ಹಾಡುಗಳ ಸಿಡಿಗಳನ್ನು ಹುಡುಕಿ ಕೊಂಡಿಟ್ಟಿದ್ದೇನೆ.

ಕೊನೆಗೆ ಉಳಿದದ್ದು ತಾಳಮದ್ದಲೆ ಮತ್ತು ಯಕ್ಷಗಾನ. ನನ್ನ ಮಟ್ಟಿಗೆ ಟ್ರಂಕಿನ ಬೆಲೆ ಇರೋದೇ ಇಲ್ಲಿ. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಅದರಲ್ಲಿ ಪದ್ಯ ಮಾತ್ರ ಬರೆದದ್ದು. ಅರ್ಥ, ಅಂದರೆ ಪಾತ್ರಗಳ ಮಾತು, ಆ ರಾತ್ರಿ, ಎದುರಿಗೆ ಕೂತವರನ್ನು ನೋಡಿಕೊಂಡು ಹುಟ್ಟೋದು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಒಂದೂರಲ್ಲಿ ಹೇಳಿದ ವಾಲಿ ಇನ್ನೊಂದೂರಲ್ಲಿ ಹೇಳಿದ ವಾಲಿ ಅಲ್ಲ. ಪದ್ಯ ಹಾಡುವ ಭಾಗವತ ಕಾಳಿಂಗ ನಾವಡರಂತೂ 1990ರಲ್ಲಿ ಅಪಘಾತದಲ್ಲಿ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟರು. ಅಪ್ಪನಂಥವರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಹಿಡಿದ ರಾತ್ರಿಗಳನ್ನು ಯಾವ ಕಂಪನಿ ತಾನೇ ಆ್ಯಪಿಗೆ ಹಾಕುತ್ತೆ?

ಮಲೆನಾಡಿನ ಮನೆ, ಅಂದಮೇಲೆ ಟೇಪಿನ ಮೇಲೆ ಬೂಷ್ಟು ಇದ್ದೇ ಇರುತ್ತೆ. ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನು ಹಾಗೇ ಹಾಕಿದರೆ ಅದು ಟೇಪ್ ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಜಗಲಿಯಲ್ಲಿ ಕೂತು, ಮೆತ್ತನೆ ಬ್ರಷ್‌ನಲ್ಲಿ ಒರೆಸಿದೆ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ ಟೇಪನ್ನು ಹೊಸ ಡಬ್ಬಿಗೆ ಹಾಕಬಹುದು. ಕ್ಯಾಸೆಟ್ಟನ್ನು ಡೆಕ್ಕಿಗೆ, ಅಂದರೆ ಪ್ಲೇಯರಿಗೆ, ಹಾಕುವ ಮೊದಲು ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿದಿವೆಯಾ ನೋಡಿಕೊಳ್ಳಿ. ಅವು ಇದ್ದರೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದಾಗ ಹಳೆಯದು ಅಳಿಸಿಹೋಗುತ್ತೆ. ಒಮ್ಮೆ ಆ ತುದಿಗೆ ಓಡಿಸಿ ಮತ್ತೆ ಈ ತುದಿಗೆ ತಂದರೆ ಬಿಗಿದು ಕೂತ ಟೇಪು ಸಡಿಲವಾಗುತ್ತದೆ.

ಡೆಕ್ ಸೆಕೆಂಡ್ ಹ್ಯಾಂಡ್. ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಸಿಕ್ಕಿಸಬೇಡಿ, ಅದು ಡೆಕ್ಕಿನಿಂದ ಬರುವ ಶಬ್ದಕ್ಕೆ ಮಾಡಿದ್ದಲ್ಲ, ಒಡೆದ ಹಾಗೆ ಕೇಳುತ್ತೆ. ಲೈನ್ ಇನ್ (ಡೆಕ್ಕಿನಂಥದರ ಶಬ್ದ ತೆಗೆದುಕೊಳ್ಳುವ ತೂತು) ಇರುವ ಸಣ್ಣ ಯುಎಸ್‌ಬಿ ಆಡಿಯೊ ಕಾರ್ಡ್ ಸಾಕು. ಸಾಫ್ಟ್‌ವೇರ್ ಅಡಾಸಿಟಿ, ದುಡ್ಡು ಕೊಡಬೇಕಿಲ್ಲ. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ. ಅಪ್ಪನ ಟೇಪ್ ರೆಕಾರ್ಡರಿನ ಹೆಡ್ ಕೂತ ಕೋನ ಬೇರೆ, ನನ್ನ ಡೆಕ್ಕಿನದು ಬೇರೆ. ಹೆಡ್‌ಫೋನ್ ಹಾಕಿಕೊಂಡು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ಭಾಗವತರ ಜಾಗಟೆ ಫಕ್ಕನೆ ಸ್ಪಷ್ಟವಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಈ ಕೆಲಸ ಪ್ರತಿ ಕ್ಯಾಸೆಟ್ಟಿಗೂ ಮಾಡಿದೆ.

ಇನ್ನೊಂದು ವಿಚಿತ್ರ. ಕೆಲವು ಕ್ಯಾಸೆಟ್ಟುಗಳಲ್ಲಿ ಬೆಳಗಿನ ಜಾವ ಹತ್ತಿರ ಬಂದ ಹಾಗೆ ಎಲ್ಲರ ಮಾತೂ ಚುರುಕಾಗಿ, ದನಿ ಕೀರಲಾಗುತ್ತದೆ. ಕಾರಣ ಸೆಲ್ಲು. ರೆಕಾರ್ಡ್ ಮಾಡುವಾಗ ಸೆಲ್ ಇಳಿದು ಮೋಟರ್ ನಿಧಾನವಾಗಿತ್ತು. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಅದು ಬೇಗ ಕೇಳುತ್ತದೆ. ಸರಿಪಡಿಸೋಕೆ ಭಾಗವತರ ಶ್ರುತಿಯನ್ನೇ ಹಿಡಿದೆ. ಶುರುವಿನ ಶ್ರುತಿಗೂ ಕೊನೆಯ ಶ್ರುತಿಗೂ ಅರ್ಧ ಸ್ವರ ವ್ಯತ್ಯಾಸ ಇದ್ದರೆ ವೇಗ ಸುಮಾರು ಶೇಕಡಾ 6 ತಪ್ಪಿದೆ ಅಂತ ಲೆಕ್ಕ. ತುಂಡು ತುಂಡಾಗಿ ವೇಗ ಇಳಿಸಿ ಸಮ ಮಾಡಬಹುದು. ಭಾಗವತರು ನಡುವೆ ಬದಲಾದರೆ ಮಾತ್ರ ಈ ಉಪಾಯ ನಡೆಯಲ್ಲ, ಅವರ ಶ್ರುತಿಯೇ ಬೇರೆ ಇರುತ್ತಲ್ಲ!

ಟೇಪಿನ ಸುಯ್ ಶಬ್ದ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಜಾಸ್ತಿ ತೆಗೆದರೆ ತಾಳದ ನಾದವೂ ಹೋಗಿ ನೀರೊಳಗೆ ಮಾತಾಡಿದ ಹಾಗಾಗುತ್ತದೆ. ನಾನು ಮೂಲವನ್ನು ಮುಟ್ಟದೆ ಫ್ಲಾಕ್ (ಶಬ್ದದ ಗುಣ ಕಳೆಯದ ಫೈಲು) ಮಾಡಿಟ್ಟು, ಕೇಳೋಕೆ ಬೇರೆ ಎಂಪಿ3 ಮಾಡಿಕೊಂಡೆ. ಫೈಲಿನ ಹೆಸರಲ್ಲೇ ಪ್ರಸಂಗ, ಭಾಗವತರು, ಯಾರ್‍ಯಾರ ಅರ್ಥ, ಊರು, ವರ್ಷ ಎಲ್ಲಾ ಬರೆದಿದ್ದೇನೆ. ಆ್ಯಪುಗಳಲ್ಲಿ ಕಲಾವಿದ, ಆಲ್ಬಂ ಅಂತ ಎರಡು ಖಾನೆ. ಅದರಲ್ಲಿ ಮದ್ದಲೆಯವರು ಎಲ್ಲಿ ಕೂರಬೇಕು? ಒಂದು ಹಾರ್ಡ್ ಡಿಸ್ಕ್ ನನ್ನ ಹತ್ತಿರ, ಇನ್ನೊಂದು ಅಕ್ಕನ ಮನೆಯಲ್ಲಿ. ಕ್ಯಾಸೆಟ್ಟುಗಳನ್ನೂ ಎಸೆದಿಲ್ಲ. "ಇಳಿಸಿ ಆಯ್ತಲ್ಲ, ಇನ್ನೂ ಯಾಕೋ ಅದು?" ಅಂತ ಅಮ್ಮ ಕೇಳುತ್ತಲೇ ಇರುತ್ತಾಳೆ.

ಸ್ಕ್ರೂ ಇಲ್ಲದೆ ಅಂಟಿಸಿದ ಡಬ್ಬಿಯವು ಹಾಗೇ ಇವೆ. ಅವನ್ನು ಬ್ಲೇಡಿನಲ್ಲಿ ಸಂದು ಬಿಡಿಸಿಯೇ ತೆಗೆಯಬೇಕು. ಮಳೆಗಾಲ ಮುಗಿದು ಹವೆ ಒಣಗಲಿ, ಆಮೇಲೆ ಕೈ ಹಾಕುತ್ತೇನೆ.